ಅನಾನಸ್ ಮದ್ದು ಹೌದೇ? ಹಣ್ಣು, ಕಾಯಿ, ಎಲೆ, ಮಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವೆಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅನಾನಸಿಗೆ ಬರವಿಲ್ಲ. ಮಾಟುಂಗದ ಉಡುಪಿ ಹೋಟೆಲಿನ ಅನಾನಸ್ ಶೀರಾ, ಹಬ್ಬದೂಟದ ಗೊಜ್ಜು, ಸ್ಟೇಷನ್ ಹೊರಗೆ ಉಪ್ಪು-ಖಾರ ಹಾಕಿ ಕೊಡುವ ಹೋಳು ಎಲ್ಲರಿಗೂ ಗೊತ್ತು. ಹಣ್ಣಿನ ಜೊತೆಗೆ ಸಲಹೆಗಳೂ ಬರುತ್ತವೆ. ಬಸುರಿ ತಿನ್ನಬಾರದು, ಕಾಮಾಲೆಗೆ ಒಳ್ಳೆಯದು, ಎಲೆಯ ರಸ ಹುಳು ಬೀಳಿಸುತ್ತದೆ, ಬಾವು ಬಂದಾಗ ಡಾಕ್ಟರು ಕೊಡುವ ಮಾತ್ರೆ ಇದರದ್ದೇ. ಇವುಗಳಲ್ಲಿ ಕೆಲವು ನಿಜ, ಕೆಲವು ಅರೆನಿಜ, ಒಂದೆರಡು ಅಪಾಯಕಾರಿ. ಗೊಂದಲ ಹುಟ್ಟುವುದು ಮಾಗಿದ ಹಣ್ಣು, ಎಳೆಗಾಯಿ ಮತ್ತು ಎಲೆ, ಕಾಂಡದಿಂದ ತೆಗೆದ ಮಾತ್ರೆ ಈ ಮೂರನ್ನೂ ಒಂದೇ ಎಂದುಕೊಳ್ಳುವುದರಿಂದ. ಗುಣದಲ್ಲೂ ಅಪಾಯದಲ್ಲೂ ಇವು ಮೂರೂ ಬೇರೆ ಬೇರೆ.

ಅನಾನಸ್ ಆಯುರ್ವೇದದ ಹಳೆಯ ಔಷಧಿಯೇ?

ಅಲ್ಲ. ಗಿಡ ದಕ್ಷಿಣ ಅಮೆರಿಕದ್ದು. 1493ರಲ್ಲಿ ಕೊಲಂಬಸ್ ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಇದನ್ನು ಕಂಡ. ಭಾರತಕ್ಕೆ ತಂದವರು ಪೋರ್ಚುಗೀಸರು, 16ನೆಯ ಶತಮಾನದಲ್ಲಿ, ಪಶ್ಚಿಮ ಕರಾವಳಿಯ ಮೂಲಕ. ಜಹಾಂಗೀರನ ಕಾಲಕ್ಕೆ ಆಗ್ರಾದ ಬಾದಶಾಹಿ ತೋಟದಲ್ಲೂ ಬೆಳೆಯುತ್ತಿತ್ತು. ಹಾಗಾಗಿ ಚರಕ, ಸುಶ್ರುತರಲ್ಲಿ ಅನಾನಸ್ ಹುಡುಕಿದರೆ ಸಿಗುವುದಿಲ್ಲ. ಮುಂದಿನ ಕಾಲದಲ್ಲಿ ಔಷಧಿ ಸಸ್ಯಗಳ ನಿಘಂಟು ಬರೆದವರು ಇದನ್ನು ಸೇರಿಸಿಕೊಂಡು ಬಹುನೇತ್ರ ಎಂಬ ಸಂಸ್ಕೃತ ಹೆಸರನ್ನೂ ಕೊಟ್ಟರು. "ಐದು ಸಾವಿರ ವರ್ಷದ ಋಷಿಮುನಿಗಳ ಅನಾನಸ್ ಯೋಗ" ಎಂದು ಯಾರಾದರೂ ಮಾರಿದರೆ ಅಲ್ಲೇ ಕೈಬಿಡಿ.

ಹಾಗೆಂದು ಪರಂಪರೆ ಇಲ್ಲವೆಂದಲ್ಲ. ಬಂದ ನಾನೂರು ವರ್ಷಗಳಲ್ಲಿ ನಮ್ಮ ಜನ ಸಾಕಷ್ಟು ಗಮನಿಸಿದ್ದಾರೆ. ಮಾಗಿದ ಹಣ್ಣನ್ನು ದಾಹಕ್ಕೆ, ಬಾಯಿರುಚಿಗೆ, ಮೂತ್ರ ಸಲೀಸಾಗಿ ಹೋಗಲು, ಕಾಮಾಲೆಯಲ್ಲಿ ಪಥ್ಯವಾಗಿ ಕೊಟ್ಟರು. ಎಲೆಯ ಬುಡದ ಬಿಳಿ ಭಾಗದ ರಸವನ್ನು ಸಕ್ಕರೆ ಬೆರೆಸಿ ಬಿಕ್ಕಳಿಕೆಗೆ, ಜಂತುಹುಳುವಿಗೆ ಕೊಟ್ಟರು. ಎಳೆಗಾಯಿಯ ರಸ ಗರ್ಭ ಇಳಿಸುತ್ತದೆಂದು ನಂಬಿ ಅದನ್ನು ದೂರವಿಟ್ಟರು, ಕೆಲವೆಡೆ ಗುಟ್ಟಾಗಿ ಬಳಸಿದರು. ಹಣ್ಣು, ಕಾಯಿ, ಎಲೆಗಳನ್ನು ಹಳಬರು ಹೀಗೆ ಬೇರೆ ಬೇರೆಯಾಗಿಯೇ ನೋಡುತ್ತಿದ್ದರು. ಇಂದಿನ ವಾಟ್ಸಾಪ್ ಸಂದೇಶಗಳಲ್ಲಿ ಆ ವಿವೇಕ ಕಾಣುವುದಿಲ್ಲ.

ಬ್ರೋಮಲೇನ್ ಎಂದರೇನು? ಹಣ್ಣು ತಿಂದರೆ ಅದು ಸಿಗುತ್ತದೆಯೇ?

ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಒಂದು ಗುಂಪಿನ ಹೆಸರು ಬ್ರೋಮಲೇನ್. ವೆನೆಜುವೆಲಾದ ರಸಾಯನಶಾಸ್ತ್ರಜ್ಞ ವಿಸೆಂಟೆ ಮಾರ್ಕಾನೊ 1891ರಲ್ಲಿ ಹಣ್ಣಿನ ರಸದಿಂದ ಇದನ್ನು ಬೇರ್ಪಡಿಸಿದ. 1957ರ ಹೊತ್ತಿಗೆ ಗಿಡದ ಕಾಂಡದಲ್ಲೂ ಇದು ಧಾರಾಳವಾಗಿದೆ ಎಂದು ತಿಳಿದ ಮೇಲೆಯೇ ಔಷಧಿಯಾಗಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಹಣ್ಣು ಕೊಯ್ದ ಮೇಲೆ ತೋಟದಲ್ಲಿ ಉಳಿಯುವ ಕಾಂಡಕ್ಕೆ ಬೇರೆ ಬೆಲೆಯಿಲ್ಲ, ಅದರಿಂದಲೇ ಮಾತ್ರೆಯ ಕಚ್ಚಾವಸ್ತು ಬರುತ್ತದೆ.

ಕಾಂಡದ ಬ್ರೋಮಲೇನ್, ಹಣ್ಣಿನ ಬ್ರೋಮಲೇನ್ ಎರಡೂ ಸಂಬಂಧಿಗಳು, ಆದರೆ ಒಂದೇ ಅಲ್ಲ. ಕಿಣ್ವಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಇವಕ್ಕೆ ಬೇರೆ ಬೇರೆ ಸಂಖ್ಯೆಗಳಿವೆ. ಬಾವು, ನೋವು, ಸೈನಸ್ ಬಗ್ಗೆ ನಡೆದ ಪ್ರಯೋಗಗಳಲ್ಲಿ ಬಳಸಿದ್ದು ಬಹುಪಾಲು ಕಾಂಡದ್ದು, ಅದೂ ಶುದ್ಧೀಕರಿಸಿ ಅಳೆದದ್ದು. ಹಣ್ಣು ತಿಂದರೆ ಒಂದಿಷ್ಟು ಕಿಣ್ವ ಹೊಟ್ಟೆಗೆ ಹೋಗುವುದು ನಿಜ, ನಡುದಿಂಡಿನಲ್ಲೂ ಅದಿದೆ. ಆದರೆ "ದಿನಾ ಎರಡು ಹೋಳು ತಿಂದೆ, ಮಾತ್ರೆ ಬೇಡ" ಎಂಬ ಲೆಕ್ಕ ಕೂಡುವುದಿಲ್ಲ. ಆ ಪ್ರಮಾಣ ಹಣ್ಣಿನಿಂದ ಬರುವುದಿಲ್ಲ. ಹೊಟ್ಟೆಯ ಆಮ್ಲದಲ್ಲೂ ಒಂದು ಪಾಲು ಕೆಡುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಬಿಸಿಗೆ ಈ ಕಿಣ್ವ ನಿಲ್ಲುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಸಾಯುತ್ತದೆ. ಶೀರಾ, ಗೊಜ್ಜು, ಮೆಣಸ್ಕಾಯಿ, ಜಾಮ್, ಡಬ್ಬಿಯ ಅನಾನಸ್, ಕುದಿಸಿ ಪ್ಯಾಕ್ ಮಾಡಿದ ಜ್ಯೂಸ್, ಯಾವುದರಲ್ಲೂ ಬ್ರೋಮಲೇನ್ ಕೆಲಸ ಉಳಿದಿರುವುದಿಲ್ಲ. ರುಚಿಗೆ ತಿನ್ನಿ, ಮದ್ದೆಂದು ಬೇಡ.

ಇದನ್ನು ಮನೆಯಲ್ಲಿ ನೋಡಬಹುದೇ?

ಧಾರಾಳವಾಗಿ. ಜೆಲಾಟಿನ್ ಹಾಕಿದ ಜೆಲ್ಲಿ ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಹೇಳಿದಂತೆ ಬಿಸಿನೀರಿನಲ್ಲಿ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಮೂರು ಬಟ್ಟಲಿಗೆ ಹಂಚಿ. ಒಂದಕ್ಕೆ ಹಸಿ ಅನಾನಸ್ ಹೋಳು, ಇನ್ನೊಂದಕ್ಕೆ ಐದು ನಿಮಿಷ ಕುದಿಸಿ ಆರಿಸಿದ ಹೋಳು, ಮೂರನೆಯದಕ್ಕೆ ಡಬ್ಬಿಯ ಹೋಳು. ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಕುದಿಸಿದ್ದು, ಡಬ್ಬಿಯದು ಎರಡೂ ಗಟ್ಟಿಯಾಗುತ್ತವೆ. ಹಸಿ ಹೋಳಿನ ಬಟ್ಟಲು ನೀರುನೀರಾಗಿಯೇ ಇರುತ್ತದೆ. ಜೆಲಾಟಿನ್ ಪ್ರೋಟೀನು, ಕಿಣ್ವ ಅದನ್ನು ಕತ್ತರಿಸಿ ಹಾಕಿರುತ್ತದೆ. ಚೀನಾ ಗ್ರಾಸ್ ಬಳಸಿದರೆ ಈ ಪರೀಕ್ಷೆ ಆಗುವುದಿಲ್ಲ: ಅದು ಪ್ರೋಟೀನಲ್ಲ, ಹಸಿ ಹಣ್ಣು ಹಾಕಿದರೂ ಹೆಪ್ಪುಗಟ್ಟುತ್ತದೆ. ಮಾಂಸಾಹಾರ ಮುಟ್ಟದವರು ನೆನಪಿಡಿ, ಜೆಲಾಟಿನ್ ಪ್ರಾಣಿಜನ್ಯ.

ಅನಾನಸ್ ರಾಯ್ತ ಮಧ್ಯಾಹ್ನಕ್ಕೆ ಚೆನ್ನಾಗಿದ್ದು ರಾತ್ರಿಗೆ ಕಹಿಯಾಗುವುದಕ್ಕೂ ಇದೇ ಕಾರಣ. ಮೊಸರಿನ ಪ್ರೋಟೀನು ಒಡೆದು ಕಹಿ ತುಣುಕುಗಳಾಗುತ್ತವೆ. ಹೋಳುಗಳನ್ನು ಒಂದು ಚಮಚ ಸಕ್ಕರೆಯ ಜೊತೆ ಮೂರು-ನಾಲ್ಕು ನಿಮಿಷ ಕುದಿ ಬರುವಂತೆ ಬೇಯಿಸಿ, ಪೂರ್ತಿ ಆರಿದ ಮೇಲೆ ಮೊಸರಿಗೆ ಹಾಕಿ. ಕಹಿ ಬರುವುದಿಲ್ಲ.

ತಿಂದರೆ ನಾಲಿಗೆ ಉರಿಯುತ್ತದೆ, ಕೆಲವೊಮ್ಮೆ ರಕ್ತವೂ ಜಿನುಗುತ್ತದೆ. ಅಲರ್ಜಿಯೇ?

ಹೆಚ್ಚಿನವರಲ್ಲಿ ಅಲರ್ಜಿಯಲ್ಲ. ಹಣ್ಣಿನ ಆಮ್ಲ, ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು, ಬಾಯಿಯ ತೆಳುಚರ್ಮದ ಪ್ರೋಟೀನನ್ನೇ ಕರಗಿಸುವ ಕಿಣ್ವ, ಮೂರೂ ಸೇರಿ ಉರಿಸುತ್ತವೆ. ಒಂದೆರಡು ಗಂಟೆಯಲ್ಲಿ, ಹೆಚ್ಚೆಂದರೆ ಮರುದಿನಕ್ಕೆ, ತಾನಾಗಿ ಸರಿಹೋಗುತ್ತದೆ. ಹಣ್ಣಿನ ಕಣ್ಣುಗಳನ್ನು ಆಳವಾಗಿ ತೆಗೆದು, ದಿಂಡು ಬಿಟ್ಟು, ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಹತ್ತು ನಿಮಿಷ ಹೋಳುಗಳನ್ನು ನೆನೆಸಿದರೆ ಮೇಲ್ಮೈಯ ರಸ ತೊಳೆದುಹೋಗಿ ಉರಿ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಪೂರ್ತಿ ಹೋಗಬೇಕೆಂದರೆ ಬೇಯಿಸಬೇಕು. ಬಾಯಿಹುಣ್ಣು ಇದ್ದಾಗ, ಹಲ್ಲು ಕೀಳಿಸಿದ ಮೊದಲ ಕೆಲವು ದಿನ ಹಸಿ ಅನಾನಸ್ ಬೇಡ.

ತುಟಿ, ಕಣ್ಣುರೆಪ್ಪೆ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಗಂಟಲು ಬಿಗಿದು ಉಸಿರು ಕಟ್ಟಿದಂತಾದರೆ ಅದು ಅಲರ್ಜಿ. 108ಕ್ಕೆ ಕರೆ ಮಾಡಿ, ಕಾಯಬೇಡಿ. ರಬ್ಬರ್ ಕೈಗವಸು, ಬಲೂನು ಆಗದವರಿಗೆ, ಪಪ್ಪಾಯಿ ಅಥವಾ ಕಿವಿ ಹಣ್ಣು ಆಗದವರಿಗೆ ಅನಾನಸೂ ಆಗದಿರುವ ಸಾಧ್ಯತೆ ಹೆಚ್ಚು. ಅಂಥವರು ಬ್ರೋಮಲೇನ್ ಮಾತ್ರೆಯನ್ನೂ ಮುಟ್ಟಬಾರದು. ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಹಲ್ಲು ಕೀಳಿಸಿದ ಮೇಲೆ ಬಾವಿಗೆ ಕೊಟ್ಟ ಮಾತ್ರೆಯಲ್ಲಿ ಬ್ರೋಮಲೇನ್ ಎಂದು ಬರೆದಿದೆ. ಕೆಲಸ ಮಾಡುತ್ತದೆಯೇ?

ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಬ್ರೋಮಲೇನ್ 90 ಮಿ.ಗ್ರಾಂ, ಟ್ರಿಪ್ಸಿನ್ 48 ಮಿ.ಗ್ರಾಂ, ರುಟೊಸೈಡ್ 100 ಮಿ.ಗ್ರಾಂ ಸೇರಿದ ಮಾತ್ರೆ. ಕೆಲವದರಲ್ಲಿ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಎಂಬ ನೋವಿನ ಔಷಧಿ ಕೂಡ ಸೇರಿರುತ್ತದೆ. ಮಾತ್ರೆಪಟ್ಟಿಯ ಹಿಂಭಾಗವನ್ನು ಓದಿ ನೋಡಿ, ಏಕೆಂದರೆ ಅದೇ ನೋವಿನ ಮಾತ್ರೆಯನ್ನು ಬೇರೆಯಾಗಿಯೂ ನುಂಗಿ ಎರಡು ಪಾಲು ತೆಗೆದುಕೊಳ್ಳುವವರು ಬಹಳ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಅದು ನಿಜವಾದ ಅಪಾಯ.

ಬುದ್ಧಿಹಲ್ಲು ತೆಗೆಸಿದ ಮೇಲೆ ನೋವು, ಬಾವು ಸ್ವಲ್ಪ ಕಡಿಮೆಯಾಗುತ್ತದೆ ಎಂದು ಹಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ, ಬಾಯಿ ತೆರೆಯಲು ಅನುಕೂಲವಾಗುತ್ತದೆಯೇ ಎಂಬುದರಲ್ಲಿ ಫಲಿತಾಂಶ ಒಂದೇ ತರಹ ಇಲ್ಲ. ಮಂಡಿನೋವಿಗೆ ಮಿಶ್ರ ಫಲಿತಾಂಶ. ಮೂಗು, ಸೈನಸ್ ಬಾವಿಗೆ ಜರ್ಮನಿಯ ತಜ್ಞ ಸಮಿತಿ 1990ರ ದಶಕದಲ್ಲೇ ಒಪ್ಪಿಗೆ ಕೊಟ್ಟಿತ್ತು. ನಮ್ಮ ಅಭಿಪ್ರಾಯದಲ್ಲಿ ಇದು ಸಾಧಾರಣ ಸಹಾಯಕ, ಆ್ಯಂಟಿಬಯಾಟಿಕ್ಕಿಗೆ ಬದಲಿಯಲ್ಲ. ಕೀವು, ಜ್ವರ ಇದ್ದಾಗ ಇದೊಂದನ್ನೇ ನಂಬಿ ಕೂರಬೇಡಿ.

ತೆಗೆದುಕೊಳ್ಳುವ ಕ್ರಮ ಮುಖ್ಯ. ಬಾವಿಗೆಂದು ಕೊಟ್ಟಿದ್ದರೆ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ. ಊಟದ ಜೊತೆ ನುಂಗಿದರೆ ಕಿಣ್ವ ಅನ್ನ-ಬೇಳೆಯ ಪ್ರೋಟೀನಿನ ಮೇಲೆಯೇ ಖರ್ಚಾಗುತ್ತದೆ. ನೋವಿನ ಮಾತ್ರೆಯೂ ಸೇರಿದ್ದರೆ ಮಾತ್ರ ಊಟದ ನಂತರವೇ, ಡಾಕ್ಟರು ಹೇಳಿದಂತೆ. ಹೊಟ್ಟೆಯ ಆಮ್ಲಕ್ಕೆ ಕರಗದ ಲೇಪವಿರುವುದರಿಂದ ಪುಡಿ ಮಾಡಬಾರದು, ಅಗಿಯಬಾರದು. ಸಸ್ಯಾಹಾರಿಗಳು ಇನ್ನೊಂದು ಕೇಳಿಕೊಳ್ಳಬೇಕು: ಬ್ರೋಮಲೇನ್ ಗಿಡದ್ದು, ಟ್ರಿಪ್ಸಿನ್ ಸಾಮಾನ್ಯವಾಗಿ ಪ್ರಾಣಿಗಳ ಮೇದೋಜೀರಕಾಂಗದ್ದು. ಬೇಡವೆಂದರೆ ಬರೀ ಬ್ರೋಮಲೇನ್ ಇರುವುದನ್ನು ಬರೆಸಿಕೊಳ್ಳಿ.

ಸುಟ್ಟಗಾಯಕ್ಕೆ ಅನಾನಸ್ ರಸ ಹಚ್ಚಬಹುದೇ? ಆಸ್ಪತ್ರೆಗಳಲ್ಲೇ ಬಳಸುತ್ತಾರಂತೆ?

ಹಚ್ಚಬೇಡಿ. ಕೇಳಿದ್ದರಲ್ಲಿ ನಿಜ ಇಷ್ಟು: ಕಾಂಡದ ಬ್ರೋಮಲೇನನ್ನು ಶುದ್ಧೀಕರಿಸಿ, ಸೋಂಕುರಹಿತ ಮಾಡಿ, ಜೆಲ್‌ನಲ್ಲಿ ಬೆರೆಸಿದ ಒಂದು ಔಷಧಿಗೆ ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಆಳವಾದ ಸುಟ್ಟಗಾಯದ ಮೇಲೆ ಅದನ್ನು ನಾಲ್ಕು ಗಂಟೆ ಇಟ್ಟರೆ ಸತ್ತ ಚರ್ಮ ಕರಗಿ ಬರುತ್ತದೆ, ಜೀವಂತ ಪದರ ಬಹುಮಟ್ಟಿಗೆ ಉಳಿಯುತ್ತದೆ, ಕತ್ತಿಯಿಂದ ಕೆರೆಯುವುದು ತಗ್ಗುತ್ತದೆ. ಇದು ನೋವು ತಡೆಯುವ ಔಷಧಿ ಕೊಟ್ಟು, ತಜ್ಞರು ಎದುರಿಗಿದ್ದು ಮಾಡುವ ಕೆಲಸ. ಅಡುಗೆಮನೆಯ ರಸದಲ್ಲಿ ಆಮ್ಲವಿದೆ, ಸಕ್ಕರೆಯಿದೆ, ಕ್ರಿಮಿಗಳಿವೆ. ಹಚ್ಚಿದರೆ ಉರಿ ಹೆಚ್ಚಿ ಸೋಂಕು ತಗಲುತ್ತದೆ. ಮನೆಯಲ್ಲಿ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರು, ಮೇಲೆ ಶುಭ್ರ ಬಟ್ಟೆ, ಆಮೇಲೆ ಆಸ್ಪತ್ರೆ.

ಬಸುರಿ ತಿನ್ನಬಹುದೇ? ಅತ್ತೆ ಬೇಡ ಎನ್ನುತ್ತಾರೆ, ಡಾಕ್ಟರು ತೊಂದರೆಯಿಲ್ಲ ಎನ್ನುತ್ತಾರೆ.

ಮಾಗಿದ ಹಣ್ಣಾದರೆ, ಊಟದ ಪ್ರಮಾಣದಲ್ಲಿ, ತಿನ್ನಬಹುದು. ಮಾಗಿದ ಹಣ್ಣಿನ ಒಂದು ಬಟ್ಟಲು ಗರ್ಭಪಾತ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅತ್ತೆಯವರ ಮಾತೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಳೆಯ ಎಚ್ಚರಿಕೆ ಇದ್ದದ್ದು ಎಳೆಗಾಯಿ ಮತ್ತು ಎಲೆಯ ರಸದ ಬಗ್ಗೆ. ಪ್ರಾಣಿಗಳ ಗರ್ಭಕೋಶದ ಸ್ನಾಯುವನ್ನು ಹೊರತೆಗೆದು ಅದರ ಮೇಲೆ ನೇರವಾಗಿ ರಸ ಬಿಟ್ಟು ನೋಡಿದ ಪ್ರಯೋಗಗಳಲ್ಲಿ ಸಂಕೋಚನ ಕಂಡಿದೆ. ತಿಂದು ಜೀರ್ಣವಾಗಿ ರಕ್ತಕ್ಕೆ ಸೇರುವ ದಾರಿ ಬೇರೆ, ಅಲ್ಲಿ ಅದೇ ಪರಿಣಾಮ ಆಗುತ್ತದೆಂದು ತೋರಿಲ್ಲ. ಮನೆಯಲ್ಲಿ ಜಗಳ ಬೇಡ. "ಕಾಯಿ ಬೇಡ, ಎಲೆ ಬೇಡ, ಹಣ್ಣು ಮಿತವಾಗಿ" ಎಂದರೆ ಅತ್ತೆಯವರ ಮಾತೂ ಉಳಿಯಿತು, ಡಾಕ್ಟರ ಮಾತೂ ಉಳಿಯಿತು.

ಮಿತ ಎಂದರೆ ದಿನಕ್ಕೆ 100ರಿಂದ 150 ಗ್ರಾಂ ತಿರುಳು. ಎದೆಯುರಿ ಹೆಚ್ಚಿರುವ ಕೊನೆಯ ತಿಂಗಳುಗಳಲ್ಲಿ ಅದಕ್ಕಿಂತ ಕಡಿಮೆ. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇದ್ದರೆ ಆಹಾರತಜ್ಞರ ಪಟ್ಟಿಯಂತೆ. ಒಂದು ಲಾಭವೂ ಇದೆ: 100 ಗ್ರಾಂ ಹಣ್ಣಿನಲ್ಲಿ ಸುಮಾರು 48 ಮಿ.ಗ್ರಾಂ ಸಿ ವಿಟಮಿನ್ ಇದೆ. ರಾಗಿ, ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಹತ್ತಲು ಅದು ನೆರವಾಗುತ್ತದೆ. ರಾಗಿಮುದ್ದೆ-ಸೊಪ್ಪಿನ ಸಾರಿನ ಊಟದ ಕೊನೆಗೆ ನಾಲ್ಕು ಹೋಳು ತಿಂದರೆ ಅರ್ಥವಿದೆ.

ಬ್ರೋಮಲೇನ್ ಮಾತ್ರೆ ಮಾತ್ರ ಬಸುರಿಯರು, ಹಾಲೂಡಿಸುವವರು ತಾವಾಗಿ ತೆಗೆದುಕೊಳ್ಳಬಾರದು. ಅದು ಸುರಕ್ಷಿತ ಎನ್ನುವಷ್ಟು ಅಧ್ಯಯನ ಆಗಿಲ್ಲ. ಐವಿಎಫ್‌ನಲ್ಲಿ ಭ್ರೂಣ ಇಟ್ಟ ಮೇಲೆ ಐದು ದಿನ ದಿಂಡು ತಿಂದರೆ ಗರ್ಭ ನಿಲ್ಲುತ್ತದೆ ಎಂಬ ಸಲಹೆ ಮುಂಬೈ, ಪುಣೆಯಲ್ಲಿ ಚಿಕಿತ್ಸೆ ಪಡೆಯುವವರ ಗುಂಪುಗಳಲ್ಲಿ ಓಡಾಡುತ್ತದೆ. ಪುರಾವೆಯಿಲ್ಲ. ಅದೇ ಹಣ್ಣು ಗರ್ಭ ಇಳಿಸುತ್ತದೆ ಎಂದೂ ನಿಲ್ಲಿಸುತ್ತದೆ ಎಂದೂ ಹೇಳುವ ಜನರ ನಡುವೆ ಆತಂಕಪಡುವುದು ಮಾತ್ರ ಆ ಹೆಣ್ಣುಮಗಳ ಪಾಲಿಗೆ ಬರುತ್ತದೆ.

ಮುಟ್ಟು ತಡವಾಗಿದೆ, ಅನಾನಸ್ ತಿಂದರೆ ಬರುತ್ತದೆಯೇ?

ಬರುತ್ತದೆಂದು ಹೇಳಲಾಗದು. ಒಂದು ವಾರ ದಾಟಿದರೆ ಮೊದಲು ಗರ್ಭಪರೀಕ್ಷೆ ಮಾಡಿ. ಬೇಡದ ಗರ್ಭವನ್ನು ಎಳೆಗಾಯಿ ರಸದಿಂದ ಇಳಿಸಲು ಹೋಗಬಾರದು. ವಿಪರೀತ ವಾಂತಿ-ಭೇದಿ, ನೀರಿನಂಶ ಕಳೆದುಕೊಂಡು ಸುಸ್ತು ಆಗುತ್ತದೆ, ಗರ್ಭ ಅಲ್ಲೇ ಇರುತ್ತದೆ, ಕಾನೂನಿನ ಅವಧಿಯೂ ಕಳೆಯುತ್ತದೆ. ನೋಂದಾಯಿತ ಆಸ್ಪತ್ರೆಗಳಲ್ಲಿ ಕಾನೂನುಬದ್ಧ, ಗೋಪ್ಯ ಸೇವೆ ಇದೆ.

ಎಲೆಯ ರಸದಿಂದ ಜಂತುಹುಳು ಬೀಳುತ್ತದೆಯೇ?

ಈ ನಂಬಿಕೆಗೆ ಪ್ರಯೋಗಾಲಯದಲ್ಲಿ ಸ್ವಲ್ಪ ಬೆಂಬಲ ಸಿಕ್ಕಿದೆ. ಪಪ್ಪಾಯಿ, ಅಂಜೂರ, ಅನಾನಸಿನ ಕಿಣ್ವಗಳು ದುಂಡುಹುಳುಗಳ ಹೊರಚರ್ಮವನ್ನು ಜೀರ್ಣಿಸಿಬಿಡುತ್ತವೆ ಎಂದು ಗಾಜಿನ ತಟ್ಟೆಯಲ್ಲೂ ಇಲಿಗಳಲ್ಲೂ ಕಂಡಿದ್ದಾರೆ. ನಮಗೆ ಬಹಳ ಇಷ್ಟವಾದ ಸಂಶೋಧನೆ ಇದು, ಹಳಬರ ಗಮನಕ್ಕೆ ಸಿಕ್ಕ ಗೌರವ. ಆದರೆ ಮಕ್ಕಳಿಗೆ ಎಷ್ಟು ಹನಿ, ಯಾವ ಎಲೆ, ಎಷ್ಟು ದಿನ ಎಂಬ ಅಳತೆ ಇಲ್ಲ. ಎಲೆಯ ರಸ ಭೇದಿಯನ್ನೂ ತರುತ್ತದೆ, ಸಣ್ಣ ಮಗುವಿಗೆ ಅದೇ ಆಪತ್ತು. ಅಲ್ಬೆಂಡಜೋಲ್ 400 ಮಿ.ಗ್ರಾಂನ ಒಂದೇ ಮಾತ್ರೆ (ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ) ಸರ್ಕಾರಿ ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನದಂದು ಪುಕ್ಕಟೆ ಸಿಗುತ್ತದೆ. ಅದಿರುವಾಗ ಎಲೆ ಜಜ್ಜುವುದು ಬೇಡ.

ಬಿಕ್ಕಳಿಕೆಗೆ ಎಲೆರಸ-ಸಕ್ಕರೆ ಕೊಡುವುದರಲ್ಲಿ ಕೆಲಸ ಮಾಡುವುದು ಸಕ್ಕರೆಯೇ ಇರಬಹುದು. ಬರೀ ಒಂದು ಚಮಚ ಸಕ್ಕರೆ ನುಂಗಿ ನೋಡಿ. ಎರಡು ದಿನ ಬಿಡದೆ ಬಂದರೆ ಡಾಕ್ಟರನ್ನು ಕಾಣಿ.

ಕಾಮಾಲೆಗೆ, ಮಳೆಗಾಲದ ಜ್ವರಕ್ಕೆ ಅನಾನಸ್ ಜ್ಯೂಸ್ ಕೊಡಬಹುದೇ?

ಕಾಮಾಲೆ ರೋಗದ ಲಕ್ಷಣ, ರೋಗವಲ್ಲ. ಮುಂಬೈ, ಗೋವೆಯ ಮಳೆಗಾಲದಲ್ಲಿ ಕಣ್ಣು ಹಳದಿಯಾದರೆ ಅದು ನೀರಿನಿಂದ ಬಂದ ಹೆಪಟೈಟಿಸ್ ಆಗಿರಬಹುದು, ನೆರೆನೀರಿನಲ್ಲಿ ನಡೆದವರಿಗೆ ತಗಲುವ ಲೆಪ್ಟೊಸ್ಪೈರೋಸಿಸ್ ಆಗಿರಬಹುದು. ಎರಡನೆಯದಕ್ಕೆ ಬೇಗ ಆ್ಯಂಟಿಬಯಾಟಿಕ್ ಬೇಕು, ತಡವಾದರೆ ಕಿಡ್ನಿ ಕೈಕೊಡುತ್ತದೆ. ಜ್ವರ, ಮೀನಖಂಡದ ನೋವು, ಕೆಂಪುಕಣ್ಣು, ಕಡಿಮೆ ಮೂತ್ರ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹಣ್ಣನ್ನು ಪಥ್ಯವಾಗಿ ಕೊಡಬಹುದು, ವಾಂತಿಯಿಂದ ಬಾಯಿ ಕೆಟ್ಟಿರುವಾಗ ಹುಳಿಸಿಹಿ ರುಚಿಸುತ್ತದೆ. ಮನೆಯಲ್ಲಿ ಕೈತೊಳೆದು ಹೆಚ್ಚಿದ್ದೇ ಆಗಬೇಕು. ರಸ್ತೆಬದಿಯ ಹೋಳು, ಐಸ್ ಹಾಕಿದ ಜ್ಯೂಸಿನಿಂದಲೂ ಹೆಪಟೈಟಿಸ್ ಎ ಮತ್ತು ಇ ಹರಡುತ್ತವೆ.

ಡೆಂಗಿಯಲ್ಲಿ ಇನ್ನೊಂದು ಎಚ್ಚರ. ಪ್ಲೇಟ್‌ಲೆಟ್ ಇಳಿದಾಗ ರಕ್ತಸ್ರಾವದ ಭಯವಿರುತ್ತದೆ, ಬ್ರೋಮಲೇನ್ ಪ್ಲೇಟ್‌ಲೆಟ್ ಅಂಟಿಕೊಳ್ಳುವುದನ್ನು ತಗ್ಗಿಸುತ್ತದೆ. ಮೈಕೈ ನೋವೆಂದು ಮನೆಯಲ್ಲಿ ಉಳಿದಿದ್ದ ಬಾವಿನ ಮಾತ್ರೆ ನುಂಗಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ನಾಲ್ಕು ಹೋಳು ಹಣ್ಣಿಗೆ ಅಡ್ಡಿಯಿಲ್ಲ.

ಬಿಸಿ ಅನಾನಸ್ ನೀರು ಕ್ಯಾನ್ಸರ್ ಕೊಲ್ಲುತ್ತದೆ ಎಂಬ ಸಂದೇಶ ನಿಜವೇ?

ಸುಳ್ಳು. ಇಂಥದ್ದೇ ಬಿಸಿ ಎಳನೀರಿನ ಸಂದೇಶ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೆಸರು ಹೊತ್ತು ಓಡಾಡಿದಾಗ ಆಸ್ಪತ್ರೆಯೇ ಅದನ್ನು ಅಲ್ಲಗಳೆದಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಬ್ರೋಮಲೇನ್ ಪರಿಣಾಮ ಕಂಡಿರುವುದು ನಿಜ. ಬಟ್ಟಲಿನಲ್ಲಿ ಕೋಶ ಸಾಯುವುದಕ್ಕೂ ರೋಗಿ ಗುಣವಾಗುವುದಕ್ಕೂ ಬಹಳ ದೂರವಿದೆ. ಬಿಸಿ ನೀರಿಗೆ ಹಾಕಿದರೆ ಆ ಕಿಣ್ವವೇ ಉಳಿಯುವುದಿಲ್ಲ ಎಂಬುದನ್ನೂ ಸಂದೇಶ ಬರೆದವರು ಯೋಚಿಸಿಲ್ಲ. ಕೀಮೋ ನಡೆಯುತ್ತಿರುವವರಿಗೆ ಬಾಯಿಹುಣ್ಣಿದ್ದರೆ ಹಸಿ ಅನಾನಸ್ ಇನ್ನಷ್ಟು ನೋವು ಕೊಡುತ್ತದೆ. ಅನಾನಸ್ ಜ್ಯೂಸ್ ಕೆಮ್ಮಿನ ಸಿರಪ್ಪಿಗಿಂತ ಐದು ಪಟ್ಟು ಮೇಲು ಎಂಬುದೂ ಇದೇ ಜಾತಿಯದು.

ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇರುವವರು?

ಸಕ್ಕರೆ ಕಾಯಿಲೆಯವರು ತಿನ್ನಬಹುದು, ಕುಡಿಯಬಾರದು. 100 ಗ್ರಾಂ ತಿರುಳಿನಲ್ಲಿ ಸುಮಾರು 13 ಗ್ರಾಂ ಕಾರ್ಬೊಹೈಡ್ರೇಟ್, 50 ಕ್ಯಾಲೊರಿ. ಊಟ-ತಿಂಡಿಯ ನಡುವೆ ಅಷ್ಟು ತಿಂದು, ಎರಡು ಗಂಟೆ ಬಿಟ್ಟು ಗ್ಲೂಕೋಮೀಟರಿನಲ್ಲಿ ನೋಡಿದರೆ ನಿಮ್ಮ ಮೈಗೆ ಎಷ್ಟು ಸಲ್ಲುತ್ತದೆಂದು ತಿಳಿಯುತ್ತದೆ. ಒಂದು ದೊಡ್ಡ ಲೋಟ ಜ್ಯೂಸ್ ಎಂದರೆ ಸಕ್ಕರೆ ಹಾಕದಿದ್ದರೂ 30 ಗ್ರಾಂಗೆ ಮೇಲೆ, ನಾರಿಲ್ಲದ ಸಿಹಿ. ಎಲೆಯ ಸಾರ ಇಲಿಗಳಲ್ಲಿ ಸಕ್ಕರೆ ಇಳಿಸಿದೆ ಎಂಬ ವರದಿ ಓದಿ ಕಷಾಯ ಕುಡಿಯಲು ಹೊರಡಬೇಡಿ.

ಪೊಟ್ಯಾಸಿಯಂ ತಗ್ಗಿಸಬೇಕಾದ ಕಿಡ್ನಿ ರೋಗಿಗಳಿಗೆ ಅನಾನಸ್ ಒಂದು ಸಮಾಧಾನ. 100 ಗ್ರಾಂನಲ್ಲಿ ಸುಮಾರು 109 ಮಿ.ಗ್ರಾಂ, ಬಾಳೆಹಣ್ಣಿನಲ್ಲಿ 358. ಎಷ್ಟೆಂದು ಡಯಾಲಿಸಿಸ್ ಕೇಂದ್ರದ ಆಹಾರತಜ್ಞರು ಹೇಳಲಿ, ಬಾಳೆ, ಎಳನೀರು ಬಿಟ್ಟವರಿಗೆ ಇದು ತಿನ್ನಲು ಸಿಗುವ ಹಣ್ಣು. ಕಿಡ್ನಿ ಕಲ್ಲನ್ನು ಕರಗಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಎದೆಯುರಿ, ಹೊಟ್ಟೆಹುಣ್ಣು ಇರುವವರು ಖಾಲಿ ಹೊಟ್ಟೆಯಲ್ಲಿ ತಿನ್ನಬಾರದು.

ಯಾವ ಔಷಧಿಗಳ ಜೊತೆ ಆಗುವುದಿಲ್ಲ?

ಹಣ್ಣಿನ ಮಾತಲ್ಲ, ಮಾತ್ರೆಯ ಮಾತು. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಔಷಧಿಗಳ ಜೊತೆ ಬ್ರೋಮಲೇನ್ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಸ್ಟೆಂಟ್ ಹಾಕಿಸಿಕೊಂಡವರು, ಹೃದಯದ ಕವಾಟ ಬದಲಿಸಿಕೊಂಡವರು ಇದನ್ನು ಹಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಿ, ಅವರು ಕೇಳದಿದ್ದರೂ. ಅಮಾಕ್ಸಿಸಿಲಿನ್, ಟೆಟ್ರಾಸೈಕ್ಲಿನ್ ರಕ್ತದಲ್ಲಿ ಹೆಚ್ಚು ಸೇರುವಂತೆ ಮಾಡುತ್ತದೆ. ಮೊದಲೇ ಗೊತ್ತಾಗಿರುವ ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ, ತಾವಾಗಿ ತೆಗೆದುಕೊಳ್ಳುತ್ತಿರುವ ಬ್ರೋಮಲೇನ್ ನಿಲ್ಲಿಸಬೇಕು.

ಹಣ್ಣೂ ಅಡ್ಡಬರುವ ಒಂದು ಸಂದರ್ಭವಿದೆ. ಒಂದು ಬಗೆಯ ಗಡ್ಡೆ ಪತ್ತೆಹಚ್ಚಲು 24 ಗಂಟೆಯ ಮೂತ್ರದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಉಳಿಕೆಯನ್ನು ಅಳೆಯುತ್ತಾರೆ. ಅನಾನಸಿನಲ್ಲಿ ಸೆರೊಟೋನಿನ್ ಬಹಳ ಇರುವುದರಿಂದ ತಿಂದವರ ವರದಿ ಸುಳ್ಳೇ ಏರಿ ಬರುತ್ತದೆ. ಪರೀಕ್ಷೆಗೆ ಮೂರು ದಿನ ಮುಂಚಿನಿಂದ ಅನಾನಸ್, ಬಾಳೆ, ಅಕ್ರೋಟು, ಟೊಮೆಟೊ ಬಿಡಿ.

ಮಕ್ಕಳಿಗೆ ಯಾವಾಗಿನಿಂದ?

ಆರು ತಿಂಗಳು ಕಳೆದ ಮೇಲೆ, ಬೇಯಿಸಿ ನುಣ್ಣಗೆ ಮಾಡಿದ್ದು ಒಂದೆರಡು ಚಮಚ. ಬಾಯಿಸುತ್ತ ಕೆಂಪಾದರೆ ಒರೆಸಿ, ಕೆಲವು ವಾರ ಬಿಟ್ಟು ಮತ್ತೆ ನೋಡಿ. ಮೂರು ವರ್ಷದವರೆಗೆ ದಿಂಡು ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡವರೂ ದಿಂಡನ್ನೇ ಕೆ.ಜಿ.ಗಟ್ಟಲೆ ತಿಂದರೆ ನಾರು ಹೊಟ್ಟೆಯಲ್ಲಿ ಉಂಡೆಗಟ್ಟಬಹುದು.

ಸಿಪ್ಪೆ ಕುದಿಸಿದ ಕಷಾಯ?

ಕುದಿಸಿದ ಮೇಲೆ ಕಿಣ್ವ ಇರುವುದಿಲ್ಲ. ಸುವಾಸನೆಯ ಪಾನೀಯವೆಂದು ಕುಡಿಯುವುದಾದರೆ ಸಿಪ್ಪೆಯನ್ನು ಬ್ರಷ್ ಹಾಕಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ತೋಟದಲ್ಲಿ ಸಿಂಪಡಿಸಿದ್ದೆಲ್ಲ ಮೊದಲು ಕೂರುವುದು ಅಲ್ಲಿ.

ಒಳ್ಳೆಯ ಹಣ್ಣು ಆರಿಸುವುದು ಹೇಗೆ? ಎಳೆಯದನ್ನು ಮನೆಯಲ್ಲಿ ಮಾಗಿಸಬಹುದೇ?

ಮಾಗಿಸಲಾಗದು, ಇದನ್ನು ತಿಳಿಯದೆ ಮೋಸಹೋಗುವವರೇ ಹೆಚ್ಚು. ಮಾವು, ಬಾಳೆ ಕೊಯ್ದ ಮೇಲೂ ಸಿಹಿಯಾಗುತ್ತವೆ. ಅನಾನಸಿಗೆ ಗಿಡದ ಕಾಂಡದಿಂದಲೇ ಸಕ್ಕರೆ ಬರಬೇಕು. ಕೊಯ್ದ ಮೇಲೆ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ಸಿಹಿ ಏರುವುದಿಲ್ಲ. ಹಳದಿ ಬಣ್ಣವನ್ನು ಇಥೆಫಾನ್ ಎಂಬ ರಾಸಾಯನಿಕ ಸಿಂಪಡಿಸಿಯೂ ತರಿಸಬಹುದು. ಹಾಗಾಗಿ ವಾಶಿಯ ಎಪಿಎಂಸಿಯಲ್ಲಾಗಲಿ, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಾಗಲಿ, ಮಾಪ್ಸಾ ಸಂತೆಯಲ್ಲಾಗಲಿ ಬಣ್ಣ ನೋಡಿ ಕೊಳ್ಳಬೇಡಿ. ಬುಡವನ್ನು ಮೂಗಿನ ಹತ್ತಿರ ಹಿಡಿಯಿರಿ. ಹಣ್ಣಿನ ಪರಿಮಳ ಬಂದರೆ ಸರಿ, ಏನೂ ಬರದಿದ್ದರೆ ಎಳೆಯದು, ಹೆಂಡದ ವಾಸನೆ ಬಂದರೆ ಹುದುಗಿದೆ. ಕಣ್ಣುಗಳು ಅಗಲವಾಗಿ ಚಪ್ಪಟೆಯಾಗಿರಬೇಕು, ಗಾತ್ರಕ್ಕೆ ತಕ್ಕ ತೂಕವಿರಬೇಕು. ಜುಟ್ಟಿನ ಎಲೆ ಕಿತ್ತು ನೋಡುವ ಪರೀಕ್ಷೆ ನಂಬಲರ್ಹವಲ್ಲ.

ಕೇರಳದ ವಾಳಕುಳಂನಿಂದ ಬರುವ ಮಾರಿಷಸ್ ತಳಿ ಚಿಕ್ಕದು, ಬಂಗಾರದ ಬಣ್ಣದ ತಿರುಳು, ಹೆಚ್ಚು ಪರಿಮಳ. 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಬನವಾಸಿ, ಸಾಗರ, ಸೊರಬದ ಕಡೆಯ ಕ್ಯೂ ತಳಿ ದೊಡ್ಡದು, ತೆಳುಹಳದಿ, ರಸಭರಿತ, ಗೊಜ್ಜಿಗೂ ಶೀರಾಕ್ಕೂ ಚೆನ್ನ. ಇಡೀ ಹಣ್ಣನ್ನು ಫ್ರಿಜ್ಜಿನ ತಣ್ಣನೆಯ ಭಾಗದಲ್ಲಿ ದಿನಗಟ್ಟಲೆ ಇಟ್ಟರೆ ಒಳಗೆ ದಿಂಡಿನ ಸುತ್ತ ಕಪ್ಪಾಗುತ್ತದೆ. ಹೊರಗೆ ಎರಡು ದಿನ ಇಡಿ. ಹೆಚ್ಚಿದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಕುಂಡದಲ್ಲಿ ಬೆಳೆದ ಗಿಡದ ಕಾಂಡದಿಂದ ಮನೆಯಲ್ಲೇ ಬ್ರೋಮಲೇನ್ ತೆಗೆಯಬಹುದೇ?

ಆಗದು. ಕಾರ್ಖಾನೆಯಲ್ಲಿ ಕಾಂಡ ಅರೆದು, ರಸ ಸೋಸಿ, ಕಿಣ್ವವನ್ನು ರಾಸಾಯನಿಕದಿಂದ ತಳಕ್ಕಿಳಿಸಿ ಅಥವಾ ಸೂಕ್ಷ್ಮ ಪೊರೆಯಲ್ಲಿ ಸಾಂದ್ರಗೊಳಿಸಿ, ಕಡಿಮೆ ಉಷ್ಣದಲ್ಲಿ ಒಣಗಿಸಿ, ಕೊನೆಗೆ ಅದು ಎಷ್ಟು ಪ್ರೋಟೀನು ಕತ್ತರಿಸುತ್ತದೆಂದು ಅಳೆಯುತ್ತಾರೆ. ಅಳತೆಯಿಲ್ಲದ ಕಾಂಡದ ರಸ ಹೊಟ್ಟೆ ಕೆಡಿಸುತ್ತದೆ ಅಷ್ಟೇ. ಹಣ್ಣಿಗಾಗಿ ಬೆಳೆಯಿರಿ: ಜುಟ್ಟನ್ನು ತಿರುಚಿ ತೆಗೆದು, ಬುಡದ ತಿರುಳು ಪೂರ್ತಿ ಕೆರೆದು, ಕೆಳಗಿನ ಹತ್ತು-ಹನ್ನೆರಡು ಎಲೆ ಕಿತ್ತು, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಿ ನೆಡಿ. ಒಣಗಿಸದೆ ನೆಟ್ಟರೆ ಬುಡ ಕೊಳೆಯುತ್ತದೆ. ಹನ್ನೆರಡು ಇಂಚಿನ ಕುಂಡ, ಮರಳು ಬೆರೆತ ಮಣ್ಣು, ದಿನಕ್ಕೆ ಆರು ಗಂಟೆ ಬಿಸಿಲು. ಜುಟ್ಟಿನಿಂದ ಬೆಳೆದ ಗಿಡ ಹಣ್ಣು ಬಿಡಲು ಎರಡು ವರ್ಷ ಬೇಕು, ಬುಡದ ಕಂದಿನಿಂದ ಬೆಳೆದರೆ ಕೆಲವು ತಿಂಗಳು ಮುಂಚೆ.